ಕಲ್ಲಿನ ವಯಸ್ಸು ಕಂಡುಹಿಡಿಯುವುದು ಹೇಗೆ: ಕ್ವಾರಿ ಗೋಡೆಯಿಂದ ಜಿರ್ಕಾನ್ ಹರಳಿನವರೆಗೆ

ಕರ್ನಾಟಕದ ಗಡಿಗೆ ತಾಗಿದ ತಮಿಳುನಾಡಿನ ನಮ್ಮ ಕೆಲಮಂಗಲ, ಡೆಂಕಣಿಕೋಟೆ ಕಡೆ ವೀರಗಲ್ಲುಗಳಿಗೆ ಬರವಿಲ್ಲ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಹುಣಸೆ ಮರದ ಬುಡದಲ್ಲಿ ನಿಂತಿರುತ್ತವೆ. ನಾನು ಭೂವಿಜ್ಞಾನ ಓದಿದ್ದೇನೆ ಅಂತ ಗೊತ್ತಾದವರು ಅದರಲ್ಲಿ ಒಂದನ್ನು ತೋರಿಸಿ ಕೇಳಿಯೇ ಕೇಳುತ್ತಾರೆ: "ಕಾರ್ಬನ್ ಡೇಟಿಂಗ್ ಮಾಡಿಸಿದ್ರೆ ಇದು ಎಷ್ಟು ವರ್ಷದ್ದು ಅಂತ ಗೊತ್ತಾಗುತ್ತಲ್ವಾ?"

ಗೊತ್ತಾಗುವುದಿಲ್ಲ. ಕಾರ್ಬನ್-14ರ ಅರ್ಧಾಯುಷ್ಯ 5,730 ವರ್ಷ. ಅಂದರೆ ಇದ್ದದ್ದರಲ್ಲಿ ಅರ್ಧ ಕರಗಿಹೋಗಲು ಅಷ್ಟು ಕಾಲ ಸಾಕು. ಸುಮಾರು 50 ಸಾವಿರ ವರ್ಷ ದಾಟಿದರೆ ಅಳೆಯುವಷ್ಟು ಏನೂ ಉಳಿಯುವುದಿಲ್ಲ. ಅದಕ್ಕೂ ಒಂದು ಕಾಲದಲ್ಲಿ ಜೀವವಿದ್ದ ವಸ್ತು ಬೇಕು: ಇದ್ದಿಲು, ಮೂಳೆ, ಮರ. ಇನ್ನೂ ದೊಡ್ಡ ತೊಡಕು ಪ್ರಶ್ನೆಯಲ್ಲೇ ಇದೆ. ಯಾವುದರ ವಯಸ್ಸು ಕೇಳುತ್ತಿದ್ದೀರಿ? ವೀರಗಲ್ಲು ಕೆತ್ತಿದ ಕಾಲವನ್ನು ಅದರ ಮೇಲಿನ ಅಕ್ಷರ, ಕೆತ್ತನೆ ಹೇಳಬೇಕು. ಆ ಬಂಡೆ ಬಂಡೆಯಾದದ್ದು ಬೇರೆಯೇ ಕತೆ, ಅದು ಸುಮಾರು 250 ಕೋಟಿ ವರ್ಷ ಹಿಂದಿನದು, ಕೆಲವೊಮ್ಮೆ ಇನ್ನೂ ಹಿಂದಿನದು. ಶೂಲಗಿರಿ ಹತ್ತಿರದ ಮಲ್ಲಚಂದ್ರಂ ಗುಡ್ಡದ ಕಲ್ಲುಮನೆಗಳಿಗೂ, ಅಂದರೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಪುರಾತನ ಗೋರಿಗಳಿಗೂ, ಇದೇ ಮಾತು.

ನಮ್ಮ ಅಜ್ಜಿಗೆ ತನ್ನ ಹುಟ್ಟಿದ ತಾರೀಕು ಗೊತ್ತಿರಲಿಲ್ಲ. ಕೇಳಿದರೆ "ಆ ದೊಡ್ಡ ಬರದಲ್ಲಿ ನಿಮ್ಮ ಚಿಕ್ಕತಾತನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗ್ತಿದ್ದೆ" ಅನ್ನುತ್ತಿದ್ದಳು. ಕಲ್ಲೂ ಹಾಗೆಯೇ. ಅದು ವಯಸ್ಸು ಹೇಳುವುದಿಲ್ಲ, ನಡೆದ ಘಟನೆ ಹೇಳುತ್ತದೆ. ಒಂದೇ ಕಲ್ಲಿನಲ್ಲಿ ಒಂದೊಂದು ಖನಿಜ ಒಂದೊಂದು ಘಟನೆಯನ್ನು ನೆನಪಿಟ್ಟುಕೊಂಡಿರುತ್ತದೆ. ಯಾವ ಘಟನೆ ಬೇಕು ಅಂತ ತಿಳಿಯದೆ ಕಲ್ಲನ್ನು ಲ್ಯಾಬಿಗೆ ಕಳಿಸಿದರೆ ದುಡ್ಡು ದಂಡ.

ಈ ಬರಹ ಭೂವಿಜ್ಞಾನ ಓದುವ ಹುಡುಗ ಹುಡುಗಿಯರಿಗೆ, ಮತ್ತು ಸುಮ್ನೆ ಕುತೂಹಲ ಇರುವವರಿಗೆ. ನಮ್ಮ ಹೊಸೂರು–ಕೃಷ್ಣಗಿರಿ ನೆಲವನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಇಲ್ಲಿ ಹಳೇ ರೂಪಾಂತರ ಶಿಲೆಯೂ ಇದೆ, ಅದರೊಳಗೆ ನುಗ್ಗಿ ಬಂದ ಅಗ್ನಿಶಿಲೆಯೂ ಇದೆ. ಎರಡೂ ಒಂದೇ ಕ್ವಾರಿಯ ಗೋಡೆಯಲ್ಲಿ ಸಿಗುತ್ತವೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆಯಿರಿ

ಒಳನುಗ್ಗಿದ ಅಗ್ನಿಶಿಲೆಗೆ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕರಗಿದ ಶಿಲೆ ಯಾವಾಗ ಗಟ್ಟಿಯಾಯಿತು? ರೂಪಾಂತರ ಶಿಲೆಗೆ ಕನಿಷ್ಠ ಮೂರು ಪ್ರಶ್ನೆ ಇರುತ್ತವೆ. ಮೂಲ ಕಲ್ಲು ಯಾವಾಗ ಹುಟ್ಟಿತು? ಕಾವು, ಒತ್ತಡಕ್ಕೆ ಸಿಕ್ಕಿ ಯಾವಾಗ ರೂಪ ಬದಲಿಸಿತು? ಆಮೇಲೆ ಯಾವಾಗ ತಣ್ಣಗಾಯಿತು? ಈ ಮೂರರ ನಡುವೆ ನೂರು ಕೋಟಿ ವರ್ಷದ ಅಂತರವೂ ಇರಬಹುದು. ಮೂರಕ್ಕೂ ಒಂದೇ ಉತ್ತರ ಹುಡುಕಲು ಹೋದವರು ಎಡವುತ್ತಾರೆ. ನಾನೂ ಎಡವಿದ್ದೇನೆ.

ಎರಡನೇ ಹೆಜ್ಜೆ: ಗೋಡೆ ಓದುವುದು

ಮೆಷಿನ್‌ಗಿಂತ ಮೊದಲು ಕಣ್ಣು. ಈ ಹೆಜ್ಜೆಗೆ ಎಷ್ಟು ದಿನ ಕೊಟ್ಟರೂ ಜಾಸ್ತಿಯಲ್ಲ.

ಡೆಂಕಣಿಕೋಟೆ ಕಡೆಯ ಒಂದು ಕ್ವಾರಿಯಲ್ಲಿ ನಾನು ಮೊದಲ ಸಲ ನಿಂತಾಗ ಪಾಠ ಹೇಳಿದ್ದು ಅಲ್ಲಿನ ಮೇಸ್ತ್ರಿ. ಬೂದು–ಬಿಳಿ ಪಟ್ಟೆಯ ಗೋಡೆ. ಅದನ್ನು ಸೀಳಿಕೊಂಡು ಮೇಲಿಂದ ಕೆಳಗೆ ಇಳಿದ ಕಪ್ಪು ಕಲ್ಲಿನ ದಪ್ಪ ಪಟ್ಟಿ. "ಕರಿಕಲ್ಲು ಆಮೇಲೆ ಬಂದಿದ್ದು ಸಾರ್. ನೋಡಿ, ಬಿಳಿಕಲ್ಲಿನ ಗೆರೆಗಳನ್ನ ಕಡ್ಕೊಂಡು ಹೋಗಿದೆ" ಅಂದರು. ಕಡಿದದ್ದು ಚಿಕ್ಕದು, ಕಡಿಸಿಕೊಂಡದ್ದು ಹಿರಿಯದು. ವಯಸ್ಸು ಅಳೆಯುವ ಇಡೀ ವಿದ್ಯೆ ಈ ಒಂದು ಮಾತಿನ ಮೇಲೆ ನಿಂತಿದೆ. ಲ್ಯಾಬಿನ ಅಂಕಿ ಈ ಕ್ರಮಕ್ಕೆ ಉಲ್ಟಾ ಬಂದರೆ ತಪ್ಪು ಗೋಡೆಯದಲ್ಲ, ಅಂಕಿಯದು.

ಆ ಬೂದು ಪಟ್ಟೆಯ ಕಲ್ಲು ನೈಸ್. ಅದರಲ್ಲಿ ಅರ್ಧಂಬರ್ಧ ಕರಗಿ ಸುಳಿ ಸುಳಿಯಾದದ್ದು ಮಿಗ್ಮಟೈಟ್. ಪ್ಯಾರಡೈಸೊ ಅನ್ನುವ ವ್ಯಾಪಾರದ ಹೆಸರಿನಲ್ಲಿ ಕೃಷ್ಣಗಿರಿಯಿಂದ ಹೊರಟು ಯಾರದೋ ಅಡುಗೆಮನೆ ಕಟ್ಟೆಯಾಗುವ ಕಲ್ಲು ಈ ಜಾತಿಯದು. ಅಂಗಡಿಯವರು ಎಲ್ಲವನ್ನೂ ಗ್ರಾನೈಟ್ ಅನ್ನುತ್ತಾರೆ, ಅದನ್ನು ನಂಬಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಡಿ. 'ಬ್ಲ್ಯಾಕ್ ಗ್ರಾನೈಟ್' ಅನ್ನುವುದು ಗ್ರಾನೈಟೇ ಅಲ್ಲ. ಅದು ಡೋಲರೈಟ್: ಭೂಮಿಯ ಬಿರುಕಿನಲ್ಲಿ ಲಾವಾದಂಥ ದ್ರವ ನುಗ್ಗಿ ಗಟ್ಟಿಯಾದ ಡೈಕ್. ಕೃಷ್ಣಗಿರಿಯ ಕಡೆ ಇಳಿದಂತೆ ಎಣ್ಣೆ ಬಣ್ಣದ, ಕಡುಹಸಿರು ಛಾಯೆಯ ಚಾರ್ನೊಕೈಟ್ ಸಿಗುತ್ತದೆ. ಟಿ. ಎಚ್. ಹಾಲೆಂಡ್ ಈ ಹೆಸರಿಟ್ಟದ್ದು ಕೊಲ್ಕತ್ತದ ಜಾಬ್ ಚಾರ್ನಾಕ್ ಅವರ ಗೋರಿಕಲ್ಲನ್ನು ನೋಡಿ. ಆ ಗೋರಿಯ ಕಲ್ಲು ಚೆನ್ನೈ ಕಡೆಯದು. ಗೋರಿಯಿಂದ ಹೆಸರು ಪಡೆದ ಕಲ್ಲಿನ ಹುಟ್ಟನ್ನು ನಾವು ಹುಡುಕುತ್ತೇವೆ ನೋಡಿ!

ಗೋಡೆಯಲ್ಲಿ ಗಮನಿಸಬೇಕಾದ್ದು ಇಷ್ಟು. ಡೈಕಿನ ಅಂಚಿನ ಕಾಳು ನಡುವಿನ ಕಾಳಿಗಿಂತ ಸಣ್ಣದಾಗಿದೆಯಾ? ಹಾಗಿದ್ದರೆ ಬಿಸಿ ದ್ರವ ತಣ್ಣನೆ ಗೋಡೆಗೆ ತಾಗಿ ಬೇಗ ಗಟ್ಟಿಯಾಗಿದೆ. ಅಂದರೆ ಆ ಹೊತ್ತಿಗೆ ನೈಸ್ ಆಗಲೇ ತಣ್ಣಗಾಗಿತ್ತು. ಇದು ವಯಸ್ಸಿನ ಒಂದು ಸುಳಿವು, ಪುಕ್ಕಟೆಯದು. ಡೈಕಿನೊಳಗೆ ನೈಸಿನ ತುಂಡು ಸಿಕ್ಕಿಕೊಂಡಿದೆಯಾ? ಡೈಕೂ ಪಕ್ಕದ ಕಲ್ಲಿನ ಜೊತೆ ಮಡಚಿಕೊಂಡಿದೆಯಾ, ನೆಟ್ಟಗೆ ಹಾದುಹೋಗಿದೆಯಾ? ನೆಟ್ಟಗಿದ್ದರೆ ಮಡಚುವ ಕಾಲ ಮುಗಿದ ಮೇಲೆ ಬಂದದ್ದು. ಸ್ಕೆಚ್ ಹಾಕಿ. ಫೋಟೋ ಸಾಲದು, ಕೈಯಲ್ಲಿ ಬರೆದಾಗ ಮಾತ್ರ ಕಣ್ಣು ಪ್ರತಿ ಗೆರೆಯನ್ನೂ ಹಿಂಬಾಲಿಸುತ್ತದೆ.

ಅನುಮತಿಯ ಮಾತು. ಪಟ್ಟಾ ಜಮೀನಾದರೆ ಮಾಲೀಕರನ್ನು ಕೇಳಿ. ಕ್ವಾರಿಯಾದರೆ ಸಿಡಿಮದ್ದು ಇಡುವ ಹೊತ್ತು ತಿಳಿದುಕೊಂಡೇ ಒಳಗೆ ಹೋಗಿ. ಕಾಡಾದರೆ ಅರಣ್ಯ ಇಲಾಖೆಯ ಕಾಗದ ಬೇಕೇ ಬೇಕು. ಡೆಂಕಣಿಕೋಟೆ, ಅಂಚೆಟ್ಟಿ ಕಾಡಿನಲ್ಲಿ ಸಂಜೆ ಹೊತ್ತು ಬಂಡೆ ಅಂತ ಅಂದುಕೊಂಡದ್ದು ಕಿವಿ ಅಲ್ಲಾಡಿಸಿದ್ದೂ ಉಂಟು.

ಮೂರನೇ ಹೆಜ್ಜೆ: ಯಾವ ಗಡಿಯಾರ?

ಎಲ್ಲ ವಿಧಾನಗಳ ತಿರುಳು ಒಂದೇ. ಒಂದು ವಿಕಿರಣಶೀಲ ಧಾತು ತನ್ನದೇ ವೇಗದಲ್ಲಿ ಇನ್ನೊಂದಾಗಿ ಬದಲಾಗುತ್ತದೆ. ಬಿಸಿ, ಒತ್ತಡ ಆ ವೇಗವನ್ನು ಬದಲಿಸುವುದಿಲ್ಲ. ಮೂಲ ಧಾತುವನ್ನು ತಾಯಿ, ಅದರಿಂದ ಬಂದದ್ದನ್ನು ಮಗಳು ಅನ್ನುತ್ತಾರೆ. ಇಬ್ಬರನ್ನೂ ಎಣಿಸಿದರೆ ಕಾಲ ಸಿಗುತ್ತದೆ.

ಯುರೇನಿಯಂ-238 ಕೊನೆಗೆ ಸೀಸ-206 ಆಗುತ್ತದೆ, ಅರ್ಧಾಯುಷ್ಯ 446.8 ಕೋಟಿ ವರ್ಷ. ಯುರೇನಿಯಂ-235 ಸೀಸ-207 ಆಗುತ್ತದೆ, 70.4 ಕೋಟಿ ವರ್ಷ. ಪೊಟ್ಯಾಸಿಯಂ-40ಕ್ಕೆ ಸುಮಾರು 125 ಕೋಟಿ ವರ್ಷ. ಅದರಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಆರ್ಗಾನ್-40 ಆಗುತ್ತದೆ, ಉಳಿದದ್ದು ಕ್ಯಾಲ್ಸಿಯಂ. ರುಬಿಡಿಯಂ-87 ಸ್ಟ್ರಾನ್ಷಿಯಂ-87 ಆಗಲು ಸುಮಾರು 5,000 ಕೋಟಿ, ಸಮೇರಿಯಂ-147 ನಿಯೋಡೀಮಿಯಂ-143 ಆಗಲು ಸುಮಾರು 10,600 ಕೋಟಿ. ಭೂಮಿಗೇ 450 ಕೋಟಿ ಚಿಲ್ಲರೆ ವರ್ಷ ಆಗಿರುವಾಗ ಇದೇನು ಲೆಕ್ಕ ಅನ್ನಿಸುತ್ತದೆ. ಆದರೆ ಅರ್ಧ ಕರಗುವವರೆಗೆ ಕಾಯಬೇಕಿಲ್ಲ. ಕರಗಿದ ಚೂರುಪಾರು ಅಳೆಯಲು ಸಾಧ್ಯವಾದರೆ ಸಾಕು.

ಈಗ ಮುಖ್ಯ ಸಂಗತಿ: ಗಡಿಯಾರ ಓಡಲು ಶುರುವಾಗುವುದು ಯಾವಾಗ? ಒಲೆ ಮೇಲಿನ ಪಾತ್ರೆಯ ಮುಚ್ಚಳ ತೆಗೆದಿದ್ದರೆ ಹಬೆ ನಿಲ್ಲುವುದಿಲ್ಲ. ಖನಿಜ ಬಿಸಿಯಾಗಿರುವವರೆಗೆ ಹುಟ್ಟಿದ ಮಗಳು ಹೊರಗೆ ಹೋಗಿಬಿಡುತ್ತಾಳೆ. ಒಂದು ತಾಪಮಾನಕ್ಕಿಂತ ಕೆಳಗೆ ಬಂದ ಮೇಲೆ ಮುಚ್ಚಳ ಬೀಳುತ್ತದೆ, ಲೆಕ್ಕ ಅಲ್ಲಿಂದ. ಮುಚ್ಚಳ ಬೀಳುವ ತಾಪಮಾನ ಖನಿಜದಿಂದ ಖನಿಜಕ್ಕೆ ಬೇರೆ. 1973ರಲ್ಲಿ ಡಾಡ್ಸನ್ ಇದಕ್ಕೊಂದು ಸಮೀಕರಣ ಕೊಟ್ಟರು. ಹರಳಿನ ಗಾತ್ರ, ತಣ್ಣಗಾಗುವ ವೇಗ ಎಲ್ಲ ಅದರಲ್ಲಿ ಸೇರುತ್ತವೆ. ಆದ್ದರಿಂದ ಈ ಕೆಳಗಿನವು ಅಂದಾಜು ಮಾತ್ರ:

ಜಿರ್ಕಾನ್, ಅಂದರೆ ಯುರೇನಿಯಂ ಹಿಡಿದಿಟ್ಟುಕೊಳ್ಳುವ ಸಣ್ಣ ಗಟ್ಟಿ ಹರಳಿನಲ್ಲಿ ಸೀಸ – 900 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ
ಟೈಟನೈಟ್‌ನಲ್ಲಿ ಸೀಸ – 600ರಿಂದ 700
ಹಾರ್ನ್‌ಬ್ಲೆಂಡ್‌ನಲ್ಲಿ ಆರ್ಗಾನ್ – 500ರ ಆಸುಪಾಸು
ಮಸ್ಕೊವೈಟ್, ಅಂದರೆ ಬಿಳಿ ಅಭ್ರಕದಲ್ಲಿ ಆರ್ಗಾನ್ – 400ರ ಆಸುಪಾಸು
ಬಯೊಟೈಟ್, ಅಂದರೆ ಕಪ್ಪು ಅಭ್ರಕದಲ್ಲಿ ಆರ್ಗಾನ್ – 300ರ ಆಸುಪಾಸು

ಇದನ್ನು ನೋಡಿದರೆ ಆಯ್ಕೆ ತಾನಾಗಿ ಹೊಳೆಯುತ್ತದೆ. ಗ್ರಾನೈಟ್ ಯಾವಾಗ ಗಟ್ಟಿಯಾಯಿತು ಅಂತ ಬೇಕಾದರೆ ಜಿರ್ಕಾನ್. ನೈಸ್ ಯಾವಾಗ ತಣ್ಣಗಾಯಿತು ಅಂತ ಬೇಕಾದರೆ ಹಾರ್ನ್‌ಬ್ಲೆಂಡ್, ಬಯೊಟೈಟ್. ರೂಪಾಂತರದ ಕಾವು ಏರಿದ ಕಾಲ ಬೇಕಾದರೆ ಆಗಲೇ ಬೆಳೆದ ಗಾರ್ನೆಟ್, ಮೊನಾಜೈಟ್, ಅಥವಾ ಜಿರ್ಕಾನ್ ಹರಳಿನ ಹೊರ ಪದರ.

ಡೋಲರೈಟ್ ಡೈಕಿಗೆ ಮಾತ್ರ ಬೇರೆ ದಾರಿ. ಅದರಲ್ಲಿ ಜಿರ್ಕಾನ್ ಸಾಮಾನ್ಯವಾಗಿ ಇರುವುದಿಲ್ಲ. ಇದ್ದರೂ ದಾರಿಯಲ್ಲಿ ನೈಸಿನಿಂದ ಎತ್ತಿಕೊಂಡು ಬಂದದ್ದಿರಬಹುದು. ಅದರ ವಯಸ್ಸು ಅಳೆದರೆ ಡೈಕಿಗೆ ಅಜ್ಜನ ವಯಸ್ಸು ಬರುತ್ತದೆ. ಇಲ್ಲಿ ಹುಡುಕಬೇಕಾದ್ದು ಬ್ಯಾಡಿಲಿಯೈಟ್ ಅನ್ನುವ ಕಂದು ಬಣ್ಣದ ತೆಳ್ಳನೆ ಚಕ್ಕೆ. ಅದು ಬರಿಯ ಜಿರ್ಕೋನಿಯಂ ಆಕ್ಸೈಡ್. ಸಿಲಿಕಾ ಕಡಿಮೆ ಇರುವ ದ್ರವದಲ್ಲೇ ಹುಟ್ಟುವುದರಿಂದ ಗ್ರಾನೈಟ್–ನೈಸಿನಿಂದ ಎರವಲು ಬಂದಿರುವ ಸಾಧ್ಯತೆ ತೀರಾ ಕಡಿಮೆ. ಬೆಂಗಳೂರಿನ ಸುತ್ತ, ನಮ್ಮ ಗಡಿಯವರೆಗೂ ಹಬ್ಬಿರುವ ಡೈಕುಗಳ ದೊಡ್ಡ ಗುಂಪಿನ ವಯಸ್ಸು ಸುಮಾರು 236–237 ಕೋಟಿ ವರ್ಷ ಅಂತ ಗಟ್ಟಿಯಾದದ್ದು 2007ರಿಂದೀಚೆಗೆ, ಈ ಚಕ್ಕೆಗಳಿಂದಲೇ. ಅಳತೆಯ ತಪ್ಪು ಬರೀ ಹತ್ತಿಪ್ಪತ್ತು ಲಕ್ಷ ವರ್ಷ. 236 ಕೋಟಿಯಲ್ಲಿ ಅದೆಷ್ಟು ಸಣ್ಣದು ನೀವೇ ಲೆಕ್ಕ ಹಾಕಿ.

ನಾಲ್ಕನೇ ಹೆಜ್ಜೆ: ಸ್ಯಾಂಪಲ್ ತೆಗೆಯುವುದು

ಮಳೆ ಬಿಸಿಲಿಗೆ ಕೊಳೆತ ಹೊರಪದರ ಬೇಡ. ಸುತ್ತಿಗೆಯಲ್ಲಿ ಬಡಿದರೆ ಖಣ್ ಅನ್ನಬೇಕು, ಬೊದ್ ಅನ್ನಬಾರದು. ಈ ವಿಷಯದಲ್ಲಿ ಕ್ವಾರಿ ದೇವರು ಕೊಟ್ಟ ವರ. ಹೊಸದಾಗಿ ಒಡೆದ ಮುಖ ಸಿಗುತ್ತದೆ.

ಗ್ರಾನೈಟ್, ನೈಸ್‌ಗೆ ಮೂರರಿಂದ ಐದು ಕಿಲೋ ಸಾಕು. ನೈಸಿನಲ್ಲಿ ಬಿಳಿ ಪಟ್ಟೆ, ಕಪ್ಪು ಪಟ್ಟೆ ಕಲಸಬೇಡಿ, ಬೇರೆ ಬೇರೆ ಚೀಲ. ಬಿಳಿ ಪಟ್ಟೆ ಆಮೇಲೆ ಕರಗಿ ಗಟ್ಟಿಯಾದದ್ದಿರಬಹುದು, ಅದರ ಕತೆಯೇ ಬೇರೆ. ಡೈಕಾದರೆ ಅಂಚು ಬೇಡ, ನಡುಮಧ್ಯದ ದಪ್ಪ ಕಾಳಿನ ಭಾಗ ಬೇಕು. ಅಲ್ಲಿ ನಿಧಾನ ತಣ್ಣಗಾದ್ದರಿಂದ ಬ್ಯಾಡಿಲಿಯೈಟ್ ಬೆಳೆಯಲು ಸಮಯ ಸಿಕ್ಕಿರುತ್ತದೆ. ಹತ್ತು ಕಿಲೋ ತಂದರೆ ನೆಮ್ಮದಿ. ಡೈಕಿಗೆ ತಾಗಿಕೊಂಡ ನೈಸನ್ನು ತಣ್ಣಗಾದ ವಯಸ್ಸಿಗೆ ಬಳಸಬೇಡಿ. ಡೈಕಿನ ಬಿಸಿಗೆ ಬಯೊಟೈಟಿನ ಮುಚ್ಚಳ ಮತ್ತೆ ತೆಗೆದುಕೊಂಡಿರುತ್ತದೆ.

ಚೀಲ ಹೊಸದಿರಲಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನನ್ನ ಮೊದಲ ಡೈಕ್ ಸ್ಯಾಂಪಲ್ಲನ್ನು ಮನೆ ಕಟ್ಟುವಾಗ ಮರಳು ತುಂಬಿದ್ದ ಚೀಲದಲ್ಲಿ ತಂದಿದ್ದೆ. ಕೊಡವಿದ್ದೆ, ಸಾಕು ಅಂದುಕೊಂಡೆ. ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಮೂಲೆ ಸವೆದು ದುಂಡಗಾದ ಜಿರ್ಕಾನ್‌ಗಳು! ಡೈಕಿನಲ್ಲಿ ಹುಟ್ಟಿದ ಹರಳು ದುಂಡಗಾಗಲು ಅದೇನು ಹೊಳೆಯಲ್ಲಿ ಉರುಳಿತ್ತಾ? ಚೀಲದ ಹೊಲಿಗೆಯಲ್ಲಿ ಉಳಿದಿದ್ದ ಹೊಳೆ ಮರಳು ಅದು. ಎರಡು ವಾರದ ಕೆಲಸ ಮಣ್ಣುಪಾಲು.

ಚೀಟಿ ಒಳಗೂ ಇರಲಿ, ಹೊರಗೂ ಇರಲಿ. ಕಲ್ಲಿನ ಮೇಲೇ ಮಾರ್ಕರ್‌ನಲ್ಲಿ ನಂಬರ್ ಬರೆಯಿರಿ. ಜಿಪಿಎಸ್ ಅಂಕಿಯನ್ನು ಫೋನಿನಲ್ಲಿ ಮಾತ್ರ ಬಿಡದೆ ಪುಸ್ತಕಕ್ಕೂ ಇಳಿಸಿ. ಅಂಗೈಯಗಲದ ಒಂದು ತುಂಡನ್ನು ಪುಡಿ ಮಾಡದೆ ಎತ್ತಿಡಿ.

ಐದನೇ ಹೆಜ್ಜೆ: ತೆಳು ಪದರ, ಆಮೇಲೆ ಪುಡಿ

ಎತ್ತಿಟ್ಟ ತುಂಡಿನಿಂದ 0.03 ಮಿಲಿಮೀಟರ್ ದಪ್ಪದ ಪದರ ಕೊಯ್ಯಿಸಿ ಮೈಕ್ರೊಸ್ಕೋಪಿನಲ್ಲಿ ನೋಡಿ. ಈ ಹೆಜ್ಜೆ ಹಾರಿಸುವವರು ಬಹಳ. ಹಾರಿಸಿದರೆ ನೀವು ಅಳೆಯುವ ಹರಳು ಎಲ್ಲಿ ಕೂತಿತ್ತು ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಮೊನಾಜೈಟ್ ಗಾರ್ನೆಟ್ಟಿನ ಹೊಟ್ಟೆಯೊಳಗಿದ್ದರೆ ಗಾರ್ನೆಟ್ ಬೆಳೆಯುವ ಮುಂಚಿನದೋ ಜೊತೆಯದೋ ಆಗಿರುತ್ತದೆ. ಹೊರಗಿದ್ದರೆ ಆಮೇಲಿನದೂ ಆಗಿರಬಹುದು. ಬಯೊಟೈಟಿನಲ್ಲಿ ಜಿರ್ಕಾನ್ ಸಿಕ್ಕಿಕೊಂಡಿದ್ದರೆ ಅದರ ಸುತ್ತ ಕಪ್ಪು ಬಳೆಯಂಥ ಕಲೆ ಕಾಣುತ್ತದೆ. ಯುರೇನಿಯಂ ಸಿಡಿಸಿದ ಕಣಗಳು ಕೋಟಿಗಟ್ಟಲೆ ವರ್ಷ ಸುಟ್ಟ ಗುರುತು ಅದು. ಗಡಿಯಾರದ ಟಿಕ್ ಟಿಕ್ ಕಣ್ಣಿಗೇ ಕಾಣುವ ಜಾಗ ಇದು.

ಆಮೇಲೆ ಕ್ರಷರ್‌ನಲ್ಲಿ ಒಡೆದು, ಮಿಲ್ಲಿನಲ್ಲಿ ಪುಡಿ ಮಾಡಿ, ಕಾಲು ಮಿಲಿಮೀಟರ್ ಕಣ್ಣಿನ ಜರಡಿ ಹಿಡಿಯಬೇಕು. ನುಣ್ಣಗೆ ಅರೆಯಬೇಡಿ, ಹರಳು ಒಡೆದುಹೋಗುತ್ತದೆ. ಸ್ವಲ್ಪ ಸ್ವಲ್ಪ ಪುಡಿ ಮಾಡಿ ಜರಡಿ, ಉಳಿದದ್ದನ್ನು ಮತ್ತೆ ಪುಡಿ. ಮಾಸ್ಕ್ ಬೇಕೇ ಬೇಕು, ಆ ದೂಳು ಶ್ವಾಸಕೋಶದಲ್ಲಿ ಕೂತರೆ ಏಳುವುದಿಲ್ಲ. ಎರಡು ಸ್ಯಾಂಪಲ್‌ಗಳ ನಡುವೆ ಮೆಷಿನ್ನನ್ನು ಬ್ರಷ್ ಹಾಕಿ, ಗಾಳಿ ಊದಿ, ಆಲ್ಕೋಹಾಲ್‌ನಲ್ಲಿ ಒರೆಸಿ.

ಈಗ ಜಾಲಿಸುವ ಕೆಲಸ. ಕೋಲಾರದ ಕಡೆ ಹೊಳೆ ಮರಳಿನಲ್ಲಿ ಚಿನ್ನ ಜಾಲಿಸುವ ತತ್ವವೇ ಇಲ್ಲೂ. ಕ್ವಾರ್ಟ್ಜಿನ ಸಾಂದ್ರತೆ 2.65, ಜಿರ್ಕಾನ್‌ದು 4.6ಕ್ಕೂ ಜಾಸ್ತಿ. ನೀರು ಹರಿಯುವ ಅಲುಗುವ ಟೇಬಲ್ ಮೇಲೆ ಪುಡಿ ಬಿಟ್ಟರೆ ಹಗುರದ್ದು ಕೊಚ್ಚಿಹೋಗುತ್ತದೆ, ಭಾರದ್ದು ಉಳಿಯುತ್ತದೆ. ಮೊರದಲ್ಲಿ ಕೇರಿದ ಹಾಗೆ. ಆಮೇಲೆ ಕೈ ಅಯಸ್ಕಾಂತದಿಂದ ಮ್ಯಾಗ್ನೆಟೈಟ್ ತೆಗೆಯಿರಿ, ವಿದ್ಯುತ್ ಅಯಸ್ಕಾಂತದ ಮೆಷಿನ್‌ನಿಂದ ಗಾರ್ನೆಟ್, ಹಾರ್ನ್‌ಬ್ಲೆಂಡ್ ಬೇರ್ಪಡಿಸಿ. ಕೊನೆಗೆ ಭಾರದ ದ್ರವ. ಬ್ರೋಮೋಫಾರ್ಮ್, ಮಿಥಿಲೀನ್ ಅಯೊಡೈಡ್ ಎರಡೂ ವಿಷ, ಹಬೆ ಹೀರುವ ಕಪಾಟಿನೊಳಗೇ ಬಳಸಬೇಕು. ಸೋಡಿಯಂ ಪಾಲಿಟಂಗ್‌ಸ್ಟೇಟ್ ದುಬಾರಿ, ಆದರೆ ನೀರಿನಲ್ಲಿ ಕರಗುತ್ತದೆ, ವಾಪಸ್ ಪಡೆಯಬಹುದು. ನಾನಂತೂ ಅದಕ್ಕೇ ಓಟು ಹಾಕುತ್ತೇನೆ.

ಬ್ಯಾಡಿಲಿಯೈಟ್ ಚಕ್ಕೆಗಳಿಗೆ ಇಷ್ಟೆಲ್ಲ ಕಸರತ್ತು ಆಗುವುದಿಲ್ಲ, ಕಳೆದುಹೋಗುತ್ತವೆ. 2002ರಲ್ಲಿ ಸೋಡರ್ಲುಂಡ್ ಮತ್ತು ಯೊಹಾನ್ಸನ್ ನೀರಿನ ಟೇಬಲ್ಲನ್ನೇ ನಂಬಿದ ಒಂದು ಸರಳ ವಿಧಾನ ಕೊಟ್ಟರು. ಡೈಕುಗಳ ಕೆಲಸ ಆಮೇಲೆ ಎಷ್ಟೋ ಸಲೀಸಾಯಿತು.

ಕೊನೆಯಲ್ಲಿ ಉಳಿದ ಚಿಟಿಕೆ ಪುಡಿಯಿಂದ ಸೂಜಿ ತುದಿಯಲ್ಲಿ ಒಂದೊಂದೇ ಹರಳು ಆರಿಸಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವ ಅಭ್ಯಾಸ ಇದ್ದವರಿಗೆ ಬೇಗ ಕೈ ಕೂಡುತ್ತದೆ. ಆರಿಸಿದ ಹರಳುಗಳನ್ನು ಎಪಾಕ್ಸಿ ಬಿಲ್ಲೆಯಲ್ಲಿ ಕೂರಿಸಿ, ಅರ್ಧ ಹರಳು ಸವೆಯುವವರೆಗೆ ಉಜ್ಜಿ, ಒಳಗಿನ ಪದರ ಕಾಣುವಂತೆ ಮಾಡುತ್ತಾರೆ.

ಆರನೇ ಹೆಜ್ಜೆ: ಹರಳಿನ ಫೋಟೋ

ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ಕ್ಯಾಥೊಡೊಲ್ಯೂಮಿನೆಸೆನ್ಸ್ ಚಿತ್ರ, ಅಂದರೆ ಎಲೆಕ್ಟ್ರಾನ್ ಬಡಿದಾಗ ಹರಳು ಹೊಮ್ಮಿಸುವ ಬೆಳಕಿನ ಚಿತ್ರ ತೆಗೆದರೆ ಜಿರ್ಕಾನ್ ಬಾಯಿ ಬಿಡುತ್ತದೆ. ಕರಗಿದ ಶಿಲೆಯಲ್ಲಿ ಬೆಳೆದ ಹರಳಿಗೆ ಈರುಳ್ಳಿ ಹೆಚ್ಚಿದ ಹಾಗೆ ಸಾಲು ಸಾಲು ಗೆರೆ. ರೂಪಾಂತರದಲ್ಲಿ ಬೆಳೆದದ್ದಕ್ಕೆ ಗೆರೆಯಿಲ್ಲದ ಸಪ್ಪೆ ಪದರ. ನೈಸಿನಲ್ಲಿ ಎರಡೂ ಒಟ್ಟಿಗೆ ಸಿಗುವುದು ಮಾಮೂಲು: ನಡುವೆ ಈರುಳ್ಳಿ, ಸುತ್ತ ಸಪ್ಪೆ. ನಡು ಮೂಲ ಕಲ್ಲಿನ ಹುಟ್ಟು ಹೇಳುತ್ತದೆ, ಅಂಚು ಕಾವಿನ ಕಾಲ ಹೇಳುತ್ತದೆ. ಎರಡರ ಗಡಿಯ ಮೇಲೆ ಲೇಸರ್ ಬಿಟ್ಟರೆ ಎರಡೂ ಕಲಸಿ ಯಾವ ಘಟನೆಯದೂ ಅಲ್ಲದ ಅಂಕಿ ಬರುತ್ತದೆ. ಫೋಟೋ ಇಲ್ಲದೆ ಅಳೆಯಬೇಡಿ ಅನ್ನುವುದು ಇದಕ್ಕೇ.

ಏಳನೇ ಹೆಜ್ಜೆ: ಅಳೆಯುವುದು

ಮೂರು ದಾರಿ ಇವೆ. ಲೇಸರ್‌ನಿಂದ ಸುಟ್ಟು ಅಳೆಯುವ ಎಲ್‌ಎ-ಐಸಿಪಿ-ಎಂಎಸ್ ಬೇಗ ಮುಗಿಯುತ್ತದೆ, ಒಂದು ದಿನದಲ್ಲಿ ನೂರಾರು ಚುಕ್ಕೆ. ಚುಕ್ಕೆಯ ಅಗಲ ಸುಮಾರು 20–30 ಮೈಕ್ರಾನ್, ತಪ್ಪು ಶೇಕಡ 1–2. ಅಯಾನು ಕಿರಣ ಬಳಸುವ ಶ್ರಿಂಪ್, ಸಿಮ್ಸ್ ಮೆಷಿನ್‌ಗಳು ಹರಳನ್ನು ಕಡಿಮೆ ಕೆರೆಯುತ್ತವೆ, ತೆಳು ಅಂಚಿಗೆ ಒಳ್ಳೆಯದು. ಶ್ರಿಂಪ್ ಹುಟ್ಟಿದ್ದು ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ, ವಿಲಿಯಂ ಕಾಂಪ್‌ಸ್ಟನ್ ಅವರ ತಂಡದ ಕೈಯಲ್ಲಿ. ಮೂರನೆಯದು ಟಿಮ್ಸ್. ಇಡೀ ಹರಳನ್ನು ಆಮ್ಲದಲ್ಲಿ ಕರಗಿಸಿ ಅಳೆಯುವುದು. ತಪ್ಪು ಶೇಕಡ 0.1 ಅಥವಾ ಅದಕ್ಕೂ ಕಡಿಮೆ, ಆದರೆ ನಿಧಾನ, ಮತ್ತು ನಡು–ಅಂಚು ಬೇರೆ ಮಾಡುವುದು ಕಷ್ಟ. ನನ್ನ ಅಭಿಪ್ರಾಯ: ನೈಸ್, ಚಾರ್ನೊಕೈಟಿಗೆ ಚುಕ್ಕೆಯ ಅಳತೆ, ಡೈಕಿಗೆ ಟಿಮ್ಸ್.

ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲ ಚರ್ಮಕ್ಕೆ ತಾಗಿದರೆ ಮೂಳೆಯವರೆಗೆ ಇಳಿಯುತ್ತದೆ. ತರಬೇತಿ ಇಲ್ಲದೆ ಹತ್ತಿರ ಹೋಗಬೇಡಿ.

ನಿಮ್ಮ ಹರಳುಗಳ ನಡುನಡುವೆ ವಯಸ್ಸು ಗೊತ್ತಿರುವ ಹರಳನ್ನೂ ಅಳೆಯುತ್ತಿರಬೇಕು. 91500 ಅನ್ನುವ ಜಿರ್ಕಾನ್ ಸುಮಾರು 106.5 ಕೋಟಿ, ಪ್ಲೆಶೊವಿಸೆ ಸುಮಾರು 33.7 ಕೋಟಿ ವರ್ಷ. ತಕ್ಕಡಿಗೆ ಕಲ್ಲು ಇಟ್ಟು ನೋಡಿದ ಹಾಗೆ. ಅವುಗಳ ವಯಸ್ಸೇ ತಪ್ಪಾಗಿ ಬಂದ ದಿನ ನಿಮ್ಮದನ್ನೂ ನಂಬಬೇಡಿ.

ಆರ್ಗಾನ್ ದಾರಿ ಹಿಡಿದವರು ಹರಳನ್ನು ಮೊದಲು ರಿಯಾಕ್ಟರಿಗೆ ಕಳಿಸಬೇಕು. ಅಲ್ಲಿ ನ್ಯೂಟ್ರಾನ್ ಬಡಿದು ಪೊಟ್ಯಾಸಿಯಂ-39 ಆರ್ಗಾನ್-39 ಆಗುತ್ತದೆ. ಆಮೇಲೆ ಹಂತ ಹಂತವಾಗಿ ಕಾಯಿಸಿ ಬರುವ ಅನಿಲ ಅಳೆಯುತ್ತಾರೆ. ಹಲವು ಹಂತಗಳಲ್ಲಿ ಒಂದೇ ವಯಸ್ಸು ಬಂದರೆ ನಂಬಬಹುದು. ಏರುಪೇರಾದರೆ ಹರಳು ಎಲ್ಲೋ ಆರ್ಗಾನ್ ಕಳೆದುಕೊಂಡಿದೆ, ಇಲ್ಲವೇ ಹೊರಗಿನದನ್ನು ಸೇರಿಸಿಕೊಂಡಿದೆ.

ನಮ್ಮ ದೇಶದಲ್ಲಿ ಹೈದರಾಬಾದಿನ ಎನ್‌ಜಿಆರ್‌ಐ, ಅಹಮದಾಬಾದಿನ ಪಿಆರ್‌ಎಲ್, ಡೆಹ್ರಾಡೂನಿನ ವಾಡಿಯಾ ಸಂಸ್ಥೆ, ದೆಹಲಿಯ ಐಯುಎಸಿ, ಬೆಂಗಳೂರಿನ ಐಐಎಸ್‌ಸಿ ಇಂಥ ಕೆಲಸ ಮಾಡುವ ಜಾಗಗಳು. ಆರ್ಗಾನ್‌ಗೆ ಐಐಟಿ ಬಾಂಬೆ. ವಿದ್ಯಾರ್ಥಿಗಳು ಗೈಡ್ ಮೂಲಕ, ಕಾಲೇಜಿನ ಪತ್ರ ಹಿಡಿದೇ ಹೋಗಬೇಕು. ಸರದಿ ಉದ್ದ ಇರುತ್ತದೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ಫೋನ್ ಮಾಡಬೇಡಿ.

ಎಂಟನೇ ಹೆಜ್ಜೆ: ಲೆಕ್ಕ

ಹೆದರಬೇಡಿ, ಫೋನಿನ ಕ್ಯಾಲ್ಕುಲೇಟರ್ ಸಾಕು. ಮಗಳನ್ನು ತಾಯಿಯಿಂದ ಭಾಗಿಸಿ. ಅದಕ್ಕೆ 1 ಸೇರಿಸಿ. 'ಎಲ್‌ಎನ್' ಬಟನ್ ಒತ್ತಿ. ಬಂದದ್ದನ್ನು ಕ್ಷಯದ ಸ್ಥಿರಾಂಕದಿಂದ, ಅಂದರೆ ತಾಯಿ ಧಾತು ಎಷ್ಟು ಬೇಗ ಕರಗುತ್ತದೆ ಅನ್ನುವ ಅಂಕಿಯಿಂದ, ಭಾಗಿಸಿ. ಯುರೇನಿಯಂ-238ಕ್ಕೆ ಅದು ವರ್ಷಕ್ಕೆ 1.55125 × 10⁻¹⁰, ಯುರೇನಿಯಂ-235ಕ್ಕೆ 9.8485 × 10⁻¹⁰.

ಲೆಕ್ಕಕ್ಕೆಂದು ನಾನೇ ಆರಿಸಿದ ಅಂಕಿ ತೆಗೆದುಕೊಳ್ಳಿ. ಸೀಸ-206ಕ್ಕೂ ಯುರೇನಿಯಂ-238ಕ್ಕೂ ಇರುವ ಪ್ರಮಾಣ 0.4743. ಒಂದು ಸೇರಿಸಿದರೆ 1.4743. ಎಲ್‌ಎನ್ ಒತ್ತಿದರೆ 0.38818. ಭಾಗಿಸಿದರೆ 250 ಕೋಟಿ ವರ್ಷ. ಅದೇ ಹರಳಿನ ಸೀಸ-207ಕ್ಕೂ ಯುರೇನಿಯಂ-235ಕ್ಕೂ ಪ್ರಮಾಣ 10.757 ಇದ್ದರೆ, ಅದರಿಂದಲೂ 250 ಕೋಟಿಯೇ ಬರುತ್ತದೆ. ಎರಡು ಗಡಿಯಾರ, ಒಂದೇ ಸಮಯ. ಯುರೇನಿಯಂ–ಸೀಸ ವಿಧಾನದ ಶಕ್ತಿ ಇಷ್ಟರಲ್ಲೇ ಇದೆ, ಬೇರೆ ಯಾವ ವಿಧಾನಕ್ಕೂ ಈ ಒಳಗಿನ ಸಾಕ್ಷಿ ಇಲ್ಲ.

ಈಗ ಆ ಹರಳು ಇತ್ತೀಚೆಗೆ ಸ್ವಲ್ಪ ಸೀಸ ಕಳೆದುಕೊಂಡಿದೆ ಅನ್ನಿ. ಮೊದಲ ಪ್ರಮಾಣ 0.40ಕ್ಕೆ, ಎರಡನೆಯದು ಅದೇ ಪಾಲಿನಲ್ಲಿ 9.072ಕ್ಕೆ ಇಳಿಯಿತು. ಲೆಕ್ಕ ಹಾಕಿ: ಒಂದರಿಂದ 217 ಕೋಟಿ, ಇನ್ನೊಂದರಿಂದ 234.5 ಕೋಟಿ. ಗಡಿಯಾರಗಳು ಜಗಳಕ್ಕೆ ಬಿದ್ದವು. ಆದರೆ ಎರಡೂ ಸೀಸ ಒಂದೇ ಪಾಲಿನಲ್ಲಿ ಹೋಗಿರುವುದರಿಂದ ಸೀಸ-207 ಮತ್ತು ಸೀಸ-206ರ ನಡುವಿನ ಪ್ರಮಾಣ ಬದಲಾಗಿಲ್ಲ, ಅದು ಇನ್ನೂ 250 ಕೋಟಿಯನ್ನೇ ಹೇಳುತ್ತದೆ. 1956ರಲ್ಲಿ ವೆದರಿಲ್ ಕೊಟ್ಟ ಕಾನ್‌ಕಾರ್ಡಿಯಾ ನಕ್ಷೆಯಲ್ಲಿ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಒಪ್ಪಿದ ಹರಳುಗಳು ಬಾಗಿದ ಗೆರೆಯ ಮೇಲೆ ಕೂರುತ್ತವೆ, ಸೀಸ ಕಳೆದುಕೊಂಡವು ನೇರ ಗೆರೆಯಾಗಿ ಕೆಳಗೆ ಜಾರುತ್ತವೆ. ಐಸೊಪ್ಲಾಟ್-ಆರ್ ಅನ್ನುವ ಉಚಿತ ಸಾಫ್ಟ್‌ವೇರ್ ಈ ನಕ್ಷೆ ಹಾಕಿಕೊಡುತ್ತದೆ. ಆದರೂ ಒಂದು ಹರಳನ್ನಾದರೂ ಕೈಯಲ್ಲಿ ಲೆಕ್ಕ ಹಾಕಿ.

ಒಂಬತ್ತನೇ ಹೆಜ್ಜೆ: ಅಂಕಿಗೆ ಅರ್ಥ ಹಚ್ಚುವುದು

ಗಡಿಯಾಚೆ ಹಾರೋಹಳ್ಳಿಯ ಕತೆ ಕೇಳಿ. ಅಲ್ಲಿನ ಕ್ಷಾರೀಯ ಡೈಕುಗಳಿಗೆ ರುಬಿಡಿಯಂ–ಸ್ಟ್ರಾನ್ಷಿಯಂ ವಿಧಾನದಲ್ಲಿ ಸುಮಾರು 80 ಕೋಟಿ ವರ್ಷ ಅಂತ ಬಂದಿತ್ತು. ದಶಕಗಟ್ಟಲೆ ಎಲ್ಲರೂ ಅದನ್ನೇ ಹಿಡಿದುಕೊಂಡು ಭಾರತ ಆಗ ಭೂಮಿಯ ಯಾವ ಮೂಲೆಯಲ್ಲಿತ್ತು ಅನ್ನುವ ಲೆಕ್ಕ ಹಾಕಿದರು. 2008ರಲ್ಲಿ ಜಿರ್ಕಾನ್ ಅಳೆದಾಗ ಬಂದದ್ದು 119.2 ಕೋಟಿ, ತಪ್ಪು ±1 ಕೋಟಿ. ರುಬಿಡಿಯಂ, ಸ್ಟ್ರಾನ್ಷಿಯಂ ನೀರಿನ ಜೊತೆ ಸುಲಭವಾಗಿ ಓಡಾಡುತ್ತವೆ. ಆಮೇಲೆ ಬಂದ ಬಿಸಿನೀರೋ ಬದಲಾವಣೆಯೋ ಆ ಗಡಿಯಾರವನ್ನು ಕೆಡಿಸಿಬಿಡುತ್ತದೆ. ಒಂದೇ ವಿಧಾನದ ಅಂಕಿಯ ಮೇಲೆ ಮನೆ ಕಟ್ಟಬೇಡಿ.

ಕೃಷ್ಣಗಿರಿಯ ಚಾರ್ನೊಕೈಟಿನ ಕಾವು ಸುಮಾರು 250 ಕೋಟಿ ವರ್ಷ ಹಿಂದಿನದು. ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟೂ ಹೆಚ್ಚುಕಡಿಮೆ ಅದೇ ಕಾಲದ್ದು, 251.3 ಕೋಟಿ. ಒಂದೇ ಕಾವಿನ ಅಲೆಯಲ್ಲಿ ಒಂದು ಕಡೆ ಕಲ್ಲು ಕರಗಿದೆ, ಇನ್ನೊಂದು ಕಡೆ ಒಣಗಿ ಚಾರ್ನೊಕೈಟಾಗಿದೆ ಅನ್ನುವುದು ನೋಡಿ ಎಷ್ಟು ಚೆನ್ನಾಗಿ ಕೂಡುತ್ತದೆ. ಇವನ್ನು ಕಡಿದು ಹೋದ ಡೈಕು 236–237 ಕೋಟಿಯದು. ಮೇಸ್ತ್ರಿ ಹೇಳಿದ ಕ್ರಮವೇ ಬಂತು. ಹೊಗೇನಕಲ್ಲಿನ ಕಾರ್ಬೊನಟೈಟ್ ಅನ್ನುವ ಅಗ್ನಿಶಿಲೆ ಸುಮಾರು 240 ಕೋಟಿ, ಪೂರ್ವಕ್ಕೆ ಯಲಗಿರಿಯ ಸೈನೈಟ್ ಅನ್ನುವ ಇನ್ನೊಂದು ಅಗ್ನಿಶಿಲೆ ಬರೀ 75 ಕೋಟಿಯ ಆಸುಪಾಸು. ಒಂದು ದಿನದ ಬಸ್ ಪ್ರಯಾಣದಲ್ಲಿ ಇಷ್ಟು ಘಟನೆ!

ಜಿರ್ಕಾನ್‌ನಲ್ಲಿ ಥೋರಿಯಂ–ಯುರೇನಿಯಂ ಪ್ರಮಾಣ 0.1ಕ್ಕಿಂತ ಕಡಿಮೆ ಇದ್ದರೆ ರೂಪಾಂತರದ್ದು, ಜಾಸ್ತಿ ಇದ್ದರೆ ಅಗ್ನಿಶಿಲೆಯದು ಅನ್ನುವ ಸೂತ್ರವನ್ನು ಕಣ್ಣುಮುಚ್ಚಿ ಬಳಸಬೇಡಿ. ಚಾರ್ನೊಕೈಟಿನಂಥ ಬಹಳ ಬಿಸಿ ಕಂಡ ಕಲ್ಲಿನಲ್ಲಿ ರೂಪಾಂತರದ ಹರಳಿಗೂ ಪ್ರಮಾಣ ಜಾಸ್ತಿ ಬರುತ್ತದೆ. ಫೋಟೋವನ್ನೂ ಜೊತೆಗಿಟ್ಟು ತೀರ್ಮಾನಿಸಿ.

ತಣ್ಣಗಾದ ವೇಗಕ್ಕೆ ಎರಡು ಮುಚ್ಚಳ ಬೇಕು. ಉದಾಹರಣೆಗೆ ಟೈಟನೈಟ್ 650 ಡಿಗ್ರಿಗೆ 248 ಕೋಟಿ, ಹಾರ್ನ್‌ಬ್ಲೆಂಡ್ 500 ಡಿಗ್ರಿಗೆ 240 ಕೋಟಿ ಅಂತ ಬಂತು ಅನ್ನಿ. 150 ಡಿಗ್ರಿ ಇಳಿಯಲು 8 ಕೋಟಿ ವರ್ಷ, ಅಂದರೆ ಹತ್ತು ಲಕ್ಷ ವರ್ಷಕ್ಕೆ ಎರಡು ಡಿಗ್ರಿಯೂ ಇಲ್ಲ. ಬೆಟ್ಟ ಎದ್ದು ಬೇಗ ಸವೆದ ಜಾಗದಲ್ಲಿ ಇಷ್ಟು ನಿಧಾನ ಇರುವುದಿಲ್ಲ.

ಹತ್ತನೇ ಹೆಜ್ಜೆ: ಬರೆದಿಡುವುದು

ವಯಸ್ಸಿನ ಜೊತೆ ± ಅಂಕಿ, ಅದು ಒಂದು ಸಿಗ್ಮಾನಾ (ಸಿಗ್ಮಾ ಅಂದರೆ ಅಳತೆಗಳು ಎಷ್ಟು ಚದುರಿವೆ ಅನ್ನುವ ಲೆಕ್ಕ) ಎರಡಾ, ಯಾವ ಖನಿಜ, ನಡುವೋ ಅಂಚೋ, ಯಾವ ಸ್ಥಿರಾಂಕ, ಹೋಲಿಕೆಗೆ ವಯಸ್ಸು ಗೊತ್ತಿರುವ ಯಾವ ಹರಳು ಬಳಸಿದಿರಿ, ಎಷ್ಟು ಅಳತೆ ಬಿಟ್ಟಿರಿ, ಯಾಕೆ ಬಿಟ್ಟಿರಿ ಎಲ್ಲ ಬರೆಯಿರಿ. ಇಷ್ಟ ಬಂದ ಅಂಕಿ ಮಾತ್ರ ಇಟ್ಟುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. "ಈ ಕಲ್ಲಿನ ವಯಸ್ಸು 250 ಕೋಟಿ" ಅಂತ ಬರೆಯಬೇಡಿ. "ಈ ಕಲ್ಲಿನ ಜಿರ್ಕಾನ್ ಅಂಚುಗಳು 250 ಕೋಟಿ ವರ್ಷ ಹಿಂದೆ ಬೆಳೆದವು" ಅಂತ ಬರೆಯಿರಿ.

ಉಳಿದ ಕಲ್ಲು, ಪುಡಿ, ಎಪಾಕ್ಸಿ ಬಿಲ್ಲೆ ಎಸೆಯಬೇಡಿ. ಹತ್ತು ವರ್ಷದ ಮೇಲೆ ಯಾರೋ ಇನ್ನೂ ಒಳ್ಳೆ ಮೆಷಿನ್ ಹಿಡಿದು ಅದೇ ಹರಳಿನ ಪಕ್ಕದಲ್ಲಿ ಇನ್ನೊಂದು ಚುಕ್ಕೆ ಇಡಲು ಕೇಳಬಹುದು. ನನ್ನವು ನಮ್ಮ ಮನೆ ಅಟ್ಟದಲ್ಲಿ, ಅಜ್ಜಿಯ ಟ್ರಂಕಿನಲ್ಲಿವೆ. ಪ್ರತಿ ಡಬ್ಬಿಯ ಮೇಲೂ ನಂಬರ್, ಜಾಗ, ತಾರೀಕು ಬರೆದಿದೆ.